ಸಣ್ಣ ಊರಿನ ನಲ್ಲಿ ನೀರನ್ನು ನೇರವಾಗಿ ಕುಡಿಯಬಹುದಾ?

ಪ್ರಶ್ನೆ: ನಾವು ಇತ್ತೀಚೆಗೆ ಒಂದು ಸಣ್ಣ ಊರಿಗೆ ಬಂದಿದ್ದೇವೆ. ಊರಿಗೆ ನೀರು ಬೋರ್‌ವೆಲ್‌ಗಳಿಂದ ದೊಡ್ಡ ಟ್ಯಾಂಕಿಗೆ ಹೋಗಿ, ಅಲ್ಲಿಂದ ಮನೆಗಳಿಗೆ ಬರುತ್ತದೆ. ದಿನ ಬಿಟ್ಟು ದಿನ ಬಿಡುತ್ತಾರೆ. ನೀರು ನೋಡಲು ತುಂಬ ತಿಳಿಯಾಗಿದೆ. ಕೆಲವು ದಿನ ಬ್ಲೀಚಿಂಗ್ ವಾಸನೆ ಇರುತ್ತದೆ, ಕೆಲವು ದಿನ ಏನೂ ಇರುವುದಿಲ್ಲ. ಟಿಡಿಎಸ್ ಮೀಟರ್ ಇಟ್ಟು ನೋಡಿದರೆ 280 ತೋರಿಸಿತು. ನೀರು ಸರಬರಾಜು ಕಚೇರಿಯಲ್ಲಿ ಕೇಳಿದರೆ ‘ಟೆಸ್ಟ್ ಮಾಡಿಸಿದ್ದೇವೆ, ಎಲ್ಲ ಸರಿ ಇದೆ’ ಎಂದರು. ಪಕ್ಕದ ಮನೆಯವರು ‘ಮೂವತ್ತು ವರ್ಷದಿಂದ ಹಾಗೇ ಕುಡಿಯುತ್ತಿದ್ದೇವೆ, ಏನೂ ಆಗಿಲ್ಲ’ ಅನ್ನುತ್ತಾರೆ. ನಮ್ಮಲ್ಲಿ ನಾಲ್ಕು ತಿಂಗಳ ಮಗು ಇದೆ, ಬಾಟಲಿ ಹಾಲು ಕುಡಿಯುತ್ತದೆ. ಈ ನೀರನ್ನು ನೇರವಾಗಿ ಕುಡಿಯಬಹುದಾ? ಇಲ್ಲ ಅಂದರೆ ಯಾವ ಫಿಲ್ಟರ್ ಹಾಕಿಸಬೇಕು?

ಉತ್ತರ: ಮೊದಲು ಇವತ್ತೇ ಮಾಡಬೇಕಾದದ್ದನ್ನು ಹೇಳಿಬಿಡುತ್ತೇನೆ. ದೊಡ್ಡವರು ಸದ್ಯಕ್ಕೆ ಈ ನೀರನ್ನು ಕುದಿಸಿ ಆರಿಸಿ ಕುಡಿಯಿರಿ. ಮಗುವಿನ ಹಾಲಿನ ಪುಡಿಗೆ ಮಾತ್ರ ಈ ನೀರು ಬೇಡ. ಕುದಿಸಿದರೂ ಬೇಡ. ಒಂದು ಪರೀಕ್ಷೆಯ ಫಲಿತಾಂಶ ಕೈಗೆ ಬರುವ ತನಕ ಸೀಲ್ ಇರುವ ಬಾಟಲಿ ನೀರನ್ನು ಕುದಿಸಿ ಬಳಸಿ. ಯಾಕೆ ಅನ್ನುವುದನ್ನು ಆಮೇಲೆ ವಿವರವಾಗಿ ಹೇಳುತ್ತೇನೆ.

ಫಿಲ್ಟರ್ ಮಾತನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ನೀರಿನಲ್ಲಿ ಏನಿದೆ ಅಂತ ಗೊತ್ತಾಗುವ ಮೊದಲೇ ಫಿಲ್ಟರ್ ಕೊಂಡರೆ ದುಡ್ಡು ಹೋಗುತ್ತದೆ, ಅನುಮಾನ ಹಾಗೇ ಉಳಿಯುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನೀರು ಚೆನ್ನಾಗಿದೆ ಅನ್ನಲು ನಾಲ್ಕು ಸಾಕ್ಷಿ ಇವೆ. ನೀರು ತಿಳಿಯಾಗಿದೆ, ಟಿಡಿಎಸ್ 280 ಇದೆ, ಕಚೇರಿಯವರು ಸರಿ ಇದೆ ಎಂದಿದ್ದಾರೆ, ಪಕ್ಕದ ಮನೆಯವರಿಗೆ ಮೂವತ್ತು ವರ್ಷದಿಂದ ಏನೂ ಆಗಿಲ್ಲ. ಈ ನಾಲ್ಕನ್ನೂ ಸೇರಿಸಿದರೂ ನೀವು ಕೇಳಿದ್ದಕ್ಕೆ ಉತ್ತರ ಸಿಗುವುದಿಲ್ಲ. ನನಗೆ ಮುಖ್ಯ ಅನ್ನಿಸಿದ್ದು ನೀವು ಸುಮ್ನೆ ಹೇಳಿ ಮುಂದೆ ಹೋದ ಇನ್ನೊಂದು ಸಾಲು: ‘ಕೆಲವು ದಿನ ಬ್ಲೀಚಿಂಗ್ ವಾಸನೆ ಇರುತ್ತದೆ, ಕೆಲವು ದಿನ ಏನೂ ಇರುವುದಿಲ್ಲ.’ ಸಣ್ಣ ಊರಿನ ನೀರಿನ ಕಥೆ ಹೆಚ್ಚು ಕಡಿಮೆ ಈ ಸಾಲಿನಲ್ಲೇ ಇದೆ.

ಮೊದಲು ಆ ನಾಲ್ಕು ಸಾಕ್ಷಿಗಳನ್ನು ನೋಡೋಣ. ನೀರು ಕಲಕಾಗಿದ್ದರೆ ಅದು ಎಚ್ಚರಿಕೆ, ನಿಜ. ತಿಳಿಯಾಗಿದ್ದರೆ ಮಾತ್ರ ಏನೂ ತೀರ್ಮಾನ ಮಾಡಲಾಗದು. ನೀರಿನ ಕಲಕನ್ನು ಎನ್‌ಟಿಯು ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಅದು ಸುಮಾರು 4 ದಾಟಿದ ಮೇಲೆ ಬರಿಗಣ್ಣಿಗೆ ಗೊತ್ತಾಗುತ್ತದೆ. ಬ್ಲೀಚಿಂಗ್ ಪೌಡರಿನಲ್ಲಿರುವ, ರೋಗಾಣು ಕೊಲ್ಲುವ ಕ್ಲೋರಿನ್ ಸರಿಯಾಗಿ ಕೆಲಸ ಮಾಡಬೇಕು ಅಂದರೆ ಕಲಕು 1ಕ್ಕಿಂತ ಕಡಿಮೆ ಇರುವುದು ಒಳ್ಳೆಯದು. ಅಂದರೆ ನಿಮ್ಮ ಕಣ್ಣಿಗೆ ತಿಳಿಯಾಗಿ ಕಂಡ ನೀರು ಕ್ಲೋರಿನ್‌ಗೆ ಕಲಕಾಗಿಯೇ ಇರಬಹುದು. ಇನ್ನು ಬ್ಯಾಕ್ಟೀರಿಯಾ, ಆರ್ಸೆನಿಕ್, ನೈಟ್ರೇಟ್ ಇವಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಂಗ್ಲಾದೇಶದಲ್ಲಿ ಕೊಳೆತ ಕೆರೆ ನೀರು ಬಿಡಿಸಿ ಜನರಿಗೆ ಕೊಳವೆ ಬಾವಿ ಕೊಟ್ಟರು. ನೀರು ತಣ್ಣಗೆ, ತಿಳಿಯಾಗಿ ಬಂತು. ಅದರಲ್ಲಿ ಆರ್ಸೆನಿಕ್ ಇದೆ ಅಂತ ಗೊತ್ತಾಗಿದ್ದು 1990ರ ದಶಕದಲ್ಲಿ, ಕೋಟಿಗಟ್ಟಲೆ ಜನ ವರ್ಷಗಟ್ಟಲೆ ಕುಡಿದ ಮೇಲೆ.

ಟಿಡಿಎಸ್ ಮೀಟರ್ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಅದು ಕೆಟ್ಟ ಉಪಕರಣವಲ್ಲ. ಅದನ್ನು ಮಾರುವವರು ಹೇಳುವ ಮಾತು ಕೆಟ್ಟದ್ದು. ಆ ಮೀಟರ್ ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅಳೆದು, ಅದರಿಂದ ಕರಗಿದ ಲವಣ ಎಷ್ಟಿರಬಹುದು ಅಂತ ಲೆಕ್ಕ ಹಾಕುತ್ತದೆ. ಅಷ್ಟೇ ಅದರ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ಮಾತಿನಂತೆ 600ರ ಒಳಗಿದ್ದರೆ ಬಾಯಿಗೆ ರುಚಿ, 1000 ದಾಟಿದರೆ ಕುಡಿಯಲು ಹಿತವಾಗಿರುವುದಿಲ್ಲ. ಇದು ರುಚಿಯ ಲೆಕ್ಕ. ಬ್ಯಾಕ್ಟೀರಿಯಾವನ್ನು ಆ ಮೀಟರ್ ನೋಡುವುದೇ ಇಲ್ಲ. ಒಂದು ಲೋಟ ನೀರಿಗೆ ಒಂದು ಹನಿ ಚರಂಡಿ ನೀರು ಬಿಟ್ಟರೂ ಅಂಕಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಆರ್ಸೆನಿಕ್ ಅಪಾಯದ ಮಟ್ಟ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ 0.01 ಮಿಲಿಗ್ರಾಂ. 280 ಮಿಲಿಗ್ರಾಂ ಅಂತ ತೋರಿಸುವ ಮೀಟರಿನಲ್ಲಿ ಅದು ಎಲ್ಲಿ ಕಾಣಬೇಕು?

ಇನ್ನು ಮೂವತ್ತು ವರ್ಷದ ಮಾತು. ಪಕ್ಕದ ಮನೆಯವರು ಸುಳ್ಳು ಹೇಳುತ್ತಿಲ್ಲ. ಒಂದೇ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಅದರಲ್ಲಿನ ಕೆಲವು ರೋಗಾಣುಗಳು ಅಷ್ಟಾಗಿ ತಟ್ಟದೇ ಇರಬಹುದು. ಹೊಸದಾಗಿ ಬಂದವರಿಗೆ, ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಆ ಅನುಕೂಲ ಇಲ್ಲ. ಅದೂ ಅಲ್ಲದೆ ವರ್ಷಕ್ಕೊಮ್ಮೆ ಎರಡು ದಿನ ಬರುವ ವಾಂತಿ-ಭೇದಿಯನ್ನು ಯಾರೂ ನೀರಿನ ಲೆಕ್ಕಕ್ಕೆ ಬರೆಯುವುದಿಲ್ಲ, ‘ಏನೋ ತಿಂದದ್ದು ಆಗಲಿಲ್ಲ’ ಅಂತ ಬಿಟ್ಟುಬಿಡುತ್ತಾರೆ.

ಕಚೇರಿಯವರ ‘ಟೆಸ್ಟ್ ಮಾಡಿಸಿದ್ದೇವೆ’ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೊಳಾಯಿ ವ್ಯವಸ್ಥೆ ಇರುವ, 5,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ ವರ್ಷಕ್ಕೆ 12 ಬ್ಯಾಕ್ಟೀರಿಯಾ ಪರೀಕ್ಷೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಅಂದರೆ ತಿಂಗಳಿಗೊಂದು. ಪ್ರತಿ ಸಲ ನೋಡುವುದು 100 ಮಿಲಿಲೀಟರ್ ನೀರನ್ನು. ಅದರಲ್ಲಿ ಇ-ಕೋಲಿ ಅನ್ನುವ ಬ್ಯಾಕ್ಟೀರಿಯಾ ಒಂದೂ ಇರಬಾರದು. ಇ-ಕೋಲಿ ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿ ಇರುವಂಥದ್ದು. ಅದು ಸಿಕ್ಕಿತು ಅಂದರೆ ಮಲ ಎಲ್ಲೋ ನೀರಿಗೆ ಸೇರಿದೆ ಅಂತ ಅರ್ಥ. ಈಗ ಒಂದು ಲೆಕ್ಕ ಹಾಕಿ. ತಲಾ 100 ಲೀಟರಿನಂತೆ 5,000 ಜನರಿಗೆ ದಿನಕ್ಕೆ 5 ಲಕ್ಷ ಲೀಟರ್, ತಿಂಗಳಿಗೆ ಒಂದೂವರೆ ಕೋಟಿ ಲೀಟರ್ ಹೋಗುತ್ತದೆ. ನೋಡಿದ್ದು ಅರ್ಧ ಲೋಟ. ಫಲಿತಾಂಶ ಬರಲು ಏನಿಲ್ಲವೆಂದರೂ ಒಂದು ದಿನ ಬೇಕು. ಅಷ್ಟರಲ್ಲಿ ಆ ನೀರನ್ನು ಊರು ಕುಡಿದು ಮುಗಿಸಿರುತ್ತದೆ. ಹಾಗಂತ ಈ ಪರೀಕ್ಷೆ ದಂಡ ಅಂತಲ್ಲ, ಖಂಡಿತ ಬೇಕು. ಆದರೆ ಇದು ಆ ದಿನ, ಆ ಹೊತ್ತು, ಆ ನಲ್ಲಿಯಲ್ಲಿ ಏನಿತ್ತು ಅನ್ನುವುದನ್ನು ಮಾತ್ರ ಹೇಳುತ್ತದೆ. ಉಳಿದ ಇಪ್ಪತ್ತೊಂಬತ್ತು ದಿನ ನಿಮ್ಮನ್ನು ಕಾಪಾಡುವುದು ಕೆಲವು ದಿನ ಬರುವ, ಕೆಲವು ದಿನ ಬಾರದ ಆ ವಾಸನೆಯ ಹಿಂದಿರುವ ಕ್ಲೋರಿನ್.

ಕ್ಲೋರಿನ್ ಕೆಲಸ ಮಾಡುವ ರೀತಿಯನ್ನು ತಿಳಿದುಕೊಂಡರೆ ಇದು ಅರ್ಥವಾಗುತ್ತದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರೋ, ದ್ರವ ಕ್ಲೋರಿನ್ನೋ ಹಾಕುತ್ತಾರೆ. ಅದರಲ್ಲಿ ಒಂದಷ್ಟು ಪಾಲು ನೀರಿನಲ್ಲಿದ್ದ ಕಬ್ಬಿಣ, ಕೊಳೆ, ಬ್ಯಾಕ್ಟೀರಿಯಾ ಇವುಗಳ ಜೊತೆ ಸೇರಿ ಖರ್ಚಾಗುತ್ತದೆ. ಖರ್ಚಾಗಿ ಉಳಿದದ್ದನ್ನು ಉಳಿಕೆ ಕ್ಲೋರಿನ್ ಅನ್ನುತ್ತಾರೆ. ಪೈಪಿನುದ್ದಕ್ಕೂ ನೀರಿನ ಜೊತೆ ಬರುವುದು ಇದೇ. ದಾರಿಯಲ್ಲಿ ಎಲ್ಲಾದರೂ ಸ್ವಲ್ಪ ಕೊಳೆ ಸೇರಿದರೆ ಅದನ್ನು ಎದುರಿಸುವುದೂ ಇದೇ. ಕ್ಲೋರಿನ್ ಬೆರೆತು ಅರ್ಧ ಗಂಟೆಯಾದ ಮೇಲೆ ಲೀಟರಿಗೆ ಕನಿಷ್ಠ 0.5 ಮಿಲಿಗ್ರಾಂ ಉಳಿದಿರಬೇಕು, ಮನೆಯ ನಲ್ಲಿಗೆ ಬರುವಾಗ ಕನಿಷ್ಠ 0.2 ಇರಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಊರಿನ ಮೊದಲ ಮನೆಯಲ್ಲಿ 0.2 ಇದ್ದರೆ ಸಾಲದು. ಪೈಪಿನ ತುದಿಯಲ್ಲಿರುವ ಮನೆಯಲ್ಲೂ ಇರಬೇಕು. ನೀರು ಅಲ್ಲಿಗೆ ತಲುಪಲು ಜಾಸ್ತಿ ಹೊತ್ತು ಹಿಡಿಯುವುದರಿಂದ ಕ್ಲೋರಿನ್ ಮೊದಲು ಮುಗಿಯುವುದು ಅಲ್ಲೇ.

ಅಂದರೆ ದಿನವೂ ನೋಡಬಹುದಾದ, ಎರಡು ನಿಮಿಷದಲ್ಲಿ ಮುಗಿಯುವ ಪರೀಕ್ಷೆ ಒಂದಿದೆ: ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಉಳಿದಿದೆಯಾ? ಸಣ್ಣ ಊರುಗಳಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ.

ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ ವಾಕರ್ಟನ್ ಅಂತ ಒಂದು ಊರಿದೆ. 2000ನೇ ಇಸವಿಯಲ್ಲಿ ಅಲ್ಲಿದ್ದವರು ಸುಮಾರು 5,000 ಜನ. ನಿಮ್ಮ ಊರಿನ ಹಾಗೆ ಅಲ್ಲೂ ಬಾವಿಗಳಿಂದಲೇ ನೀರು. ಆ ವರ್ಷ ಮೇ ತಿಂಗಳಲ್ಲಿ ಜೋರು ಮಳೆ ಬಂತು. ಹೆಚ್ಚು ಆಳವಿಲ್ಲದ ಒಂದು ಬಾವಿಗೆ ಪಕ್ಕದ ಜಮೀನಿನ ದನದ ಗೊಬ್ಬರ ಮಳೆ ನೀರಿನ ಜೊತೆ ಇಳಿಯಿತು. ಆ ರೈತ ನಿಯಮ ಮೀರಿರಲಿಲ್ಲ, ಎಲ್ಲರೂ ಹಾಕುವ ಹಾಗೆಯೇ ಗೊಬ್ಬರ ಹಾಕಿದ್ದ. ಕ್ಲೋರಿನ್ ಸಾಕಷ್ಟು ಇದ್ದಿದ್ದರೆ ರೋಗಾಣುಗಳು ಸಾಯುತ್ತಿದ್ದವು. ಆದರೆ ನೀರು ನೋಡಿಕೊಳ್ಳುವವರು ಕಡಿಮೆ ಕ್ಲೋರಿನ್ ಹಾಕುತ್ತಿದ್ದರು. ಉಳಿಕೆ ಎಷ್ಟಿದೆ ಅಂತ ದಿನವೂ ಅಳೆಯುವ ಬದಲು ಪುಸ್ತಕದಲ್ಲಿ ಸುಮ್ನೆ ಅಂಕಿ ಬರೆಯುತ್ತಿದ್ದರು. ಅವರು ದುಷ್ಟರಾಗಿರಲಿಲ್ಲ. ಬಾವಿಯ ನೀರು ಶುದ್ಧ ಅಂತ ನಂಬಿದ್ದರು. ಕ್ಲೋರಿನ್ ಹಾಕದ ನೀರನ್ನೇ ತಾವೂ ಕುಡಿಯುತ್ತಿದ್ದರು. ಕ್ಲೋರಿನ್ ರುಚಿ ಜಾಸ್ತಿ ಅಂತ ಊರಿನ ಕೆಲವರು ದೂರುತ್ತಲೂ ಇದ್ದರು. ಪ್ರಯೋಗಾಲಯದಿಂದ ಕೆಟ್ಟ ಫಲಿತಾಂಶ ಬಂದ ಮೇಲೂ ಅದನ್ನು ಆರೋಗ್ಯ ಇಲಾಖೆಗೆ ತಿಳಿಸಲಿಲ್ಲ. ಇಲಾಖೆಯವರೇ ಫೋನ್ ಮಾಡಿ ಕೇಳಿದಾಗ ನೀರು ಸರಿ ಇದೆ ಎಂದರು. ಕೊನೆಗೆ 7 ಜನ ಸತ್ತರು, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಊರಿನ ಹೆಚ್ಚು ಕಡಿಮೆ ಅರ್ಧ. ಉಳಿಕೆ ಕ್ಲೋರಿನ್ ಮತ್ತು ಕಲಕನ್ನು ಸತತವಾಗಿ ಅಳೆಯುವ ಯಂತ್ರ ಆ ಬಾವಿಯಲ್ಲಿ ಇದ್ದಿದ್ದರೆ ಇದನ್ನು ತಡೆಯಬಹುದಿತ್ತು ಅಂತ ಆಮೇಲೆ ನಡೆದ ನ್ಯಾಯಾಂಗ ವಿಚಾರಣೆ ಹೇಳಿತು.

2016ರ ಆಗಸ್ಟ್‌ನಲ್ಲಿ ನ್ಯೂಜಿಲೆಂಡ್‌ನ ಹ್ಯಾವ್ಲಾಕ್ ನಾರ್ತ್‌ನಲ್ಲೂ ಹೆಚ್ಚು ಕಡಿಮೆ ಹೀಗೇ ಆಯಿತು. ಸುಮಾರು 14,000 ಜನರ ಊರು. ಅಂತರ್ಜಲ ತುಂಬ ಶುದ್ಧ ಅನ್ನುವ ನಂಬಿಕೆಯಲ್ಲಿ ಕ್ಲೋರಿನ್ ಹಾಕುತ್ತಲೇ ಇರಲಿಲ್ಲ. ಜೋರು ಮಳೆಗೆ ಕುರಿ ಹಿಕ್ಕೆ ತೊಳೆದ ನೀರು ಬೋರ್‌ವೆಲ್ ಸೇರಿತು. 5,000ಕ್ಕೂ ಹೆಚ್ಚು ಜನರಿಗೆ ಹೊಟ್ಟೆ ಕೆಟ್ಟಿತು. ಎರಡೂ ಶ್ರೀಮಂತ ದೇಶಗಳು, ಎರಡೂ ಕಡೆ ನೆಲದಡಿಯ ನೀರು, ಎರಡೂ ಕಡೆ ಮಳೆ. ‘ಬೋರ್‌ವೆಲ್ ನೀರು, ಏನೂ ಆಗಲ್ಲ’ ಅಂತ ಯಾರಾದರೂ ಹೇಳಿದರೆ ನನಗೆ ಈ ಎರಡು ಊರು ನೆನಪಾಗುತ್ತವೆ.

ಈಗ ನಿಮ್ಮ ಮನೆಗೆ ಬರೋಣ. ಒಂದು ಕ್ಲೋರಿನ್ ಕಿಟ್ ತಗೊಳ್ಳಿ. ಈಜುಕೊಳದವರು ಬಳಸುವಂಥದ್ದೇ ಆಗುತ್ತದೆ. ಡಿಪಿಡಿ ಮಾತ್ರೆ ಇರುವ, ನೀರನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುವ ಕಿಟ್ ಇದ್ದರೆ ಒಳ್ಳೆಯದು. ಬರೀ ಮೂಗನ್ನು ನಂಬಬೇಡಿ. ಕೆಲವರಿಗೆ 0.3 ಮಿಲಿಗ್ರಾಂ ಇದ್ದರೂ ಗೊತ್ತಾಗುತ್ತದೆ, ಕೆಲವರಿಗೆ ಅದರ ಹತ್ತು ಪಟ್ಟು ಇದ್ದರೂ ಗೊತ್ತಾಗುವುದಿಲ್ಲ. ನೀರು ಬಿಟ್ಟಾಗ, ಸಂಪಿಗೆ ಬೀಳುವ ಮೊದಲು, ಮೇನ್ ಲೈನಿನಿಂದ ನೇರವಾಗಿ ಬರುವ ನಲ್ಲಿಯಲ್ಲಿ ಹಿಡಿದು ನೋಡಿ. ಆಮೇಲೆ ಅಡುಗೆ ಮನೆಯ ನಲ್ಲಿಯಲ್ಲಿ ನೋಡಿ. ಎರಡರ ನಡುವಿನ ವ್ಯತ್ಯಾಸದಲ್ಲಿ ಬೇಕಾದಷ್ಟು ವಿಷಯ ಇರುತ್ತದೆ. ಹೊರಗಿನ ನಲ್ಲಿಯಲ್ಲಿ 0.3 ಇದ್ದು ಅಡುಗೆ ಮನೆಯಲ್ಲಿ ಸೊನ್ನೆ ಬಂದರೆ, ಊರಿನವರು ತಮ್ಮ ಕೆಲಸ ಮಾಡಿದ್ದಾರೆ, ಕ್ಲೋರಿನ್ ಖರ್ಚಾಗುತ್ತಿರುವುದು ನಿಮ್ಮ ಸಂಪು ಮತ್ತು ಟ್ಯಾಂಕಿನಲ್ಲಿ. ಹೊರಗೇ ಸೊನ್ನೆ ಇದ್ದರೆ ತೊಂದರೆ ಮೇಲಿನಿಂದಲೇ ಬರುತ್ತಿದೆ. ನೀರು ಬಿಡುವ ಪ್ರತಿ ಸಲವೂ ಒಂದಷ್ಟು ವಾರ ಹೀಗೆ ನೋಡಿ, ತಾರೀಖು ಹಾಕಿ ಬರೆದಿಡಿ. ಜೋರು ಮಳೆಯಾದ ಮರುದಿನ ಮಾತ್ರ ತಪ್ಪಿಸಬೇಡಿ.

ವಾಸನೆ ಬಗ್ಗೆ ಇನ್ನೊಂದು ಮಾತು. ಒಮ್ಮೊಮ್ಮೆ ಮೂಗಿಗೆ ಹೊಡೆಯುವಷ್ಟು ಬ್ಲೀಚಿಂಗ್ ವಾಸನೆ, ಮುಂದಿನ ಸಲ ಏನೂ ಇಲ್ಲ ಅಂದರೆ, ಕ್ಲೋರಿನ್ ಅನ್ನು ಅಳತೆಯ ಯಂತ್ರದಿಂದ ಬಿಡುತ್ತಿಲ್ಲ, ಯಾರೋ ಕೈಯಲ್ಲಿ ಅಂದಾಜಿಗೆ ಸುರಿಯುತ್ತಿದ್ದಾರೆ ಅನ್ನುವ ಅನುಮಾನ ಬರಬೇಕು. ಸುರಿಯುವವರು ರಜೆ ಹಾಕಿದ ದಿನ, ಪೌಡರ್ ಖಾಲಿಯಾದ ದಿನ ನೀರು ಹಾಗೇ ಬರುತ್ತದೆ. ಸಣ್ಣ ಊರಿನಲ್ಲಿ ಪಂಪು, ವಾಲ್ವ್, ಬ್ಲೀಚಿಂಗ್, ಬಿಲ್ಲು ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುತ್ತಿರುತ್ತಾರೆ. ಅವರಿಗೆ ಜ್ವರ ಬಂದರೆ ಊರಿನ ರಕ್ಷಣೆಗೂ ರಜೆ. ಪೌಡರ್ ಹಳೆಯದಾದರೂ ಇದೇ ಗತಿ. ತೇವ, ಬಿಸಿಲು ತಗುಲಿದ ಚೀಲದಲ್ಲಿ ಕ್ಲೋರಿನ್ ತಾನಾಗಿ ಕಡಿಮೆಯಾಗುತ್ತ ಹೋಗುತ್ತದೆ. ಲೆಕ್ಕದ ಪ್ರಕಾರ ಹಾಕಿದರೂ ನೀರಿಗೆ ಸಿಗುವುದು ಅರ್ಧವೇ ಆಗಿರಬಹುದು.

ದಿನ ಬಿಟ್ಟು ದಿನ ನೀರು ಬರುವುದೇ ಇನ್ನೊಂದು ದೊಡ್ಡ ಅಪಾಯ, ಇದನ್ನು ಜನ ಗಮನಿಸುವುದು ಕಡಿಮೆ. ಪೈಪಿನಲ್ಲಿ ಸದಾ ಒತ್ತಡ ಇದ್ದರೆ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ, ಹೊರಗಿನದ್ದು ಒಳಗೆ ಬರುವುದಿಲ್ಲ. ನೀರು ನಿಲ್ಲಿಸಿದ ಕೂಡಲೇ ಒತ್ತಡ ಬೀಳುತ್ತದೆ. ಆಗ ಅದೇ ಬಿರುಕಿನಿಂದ ಸುತ್ತಲಿನ ಮಣ್ಣಿನ ನೀರು ಒಳಗೆ ನುಗ್ಗುತ್ತದೆ. ಪಕ್ಕದಲ್ಲೇ ಒಳಚರಂಡಿ ಪೈಪು ಸೋರುತ್ತಿದ್ದರೆ ಏನು ನುಗ್ಗುತ್ತದೆ ಅಂತ ಹೇಳಬೇಕಾಗಿಲ್ಲ. ಮತ್ತೆ ನೀರು ಬಿಟ್ಟಾಗ ಅದೆಲ್ಲ ಮೊದಲ ಹರಿವಿನಲ್ಲಿ ಮನೆಗಳಿಗೆ ಬರುತ್ತದೆ. ಆದ್ದರಿಂದ ನೀರು ಬಂದ ಮೊದಲ ಕೆಲವು ನಿಮಿಷದ್ದನ್ನು ಸಂಪಿಗೆ ಬಿಡಬೇಡಿ. ಗಿಡಕ್ಕೋ, ಅಂಗಳ ತೊಳೆಯಲೋ ಹಿಡಿದುಕೊಳ್ಳಿ. ಬಣ್ಣ, ವಾಸನೆ ಸರಿಯಾದ ಮೇಲೆ ಸಂಪಿಗೆ ತಿರುಗಿಸಿ. ಮೇನ್ ಲೈನಿಗೇ ಮೋಟರ್ ಕಟ್ಟಿ ನೀರು ಎಳೆಯುವ ಅಭ್ಯಾಸ ಬೀದಿಯಲ್ಲಿ ಯಾರಿಗಾದರೂ ಇದ್ದರೆ, ಅವರು ನೀರಿನ ಜೊತೆ ಬಿರುಕುಗಳಿಂದ ಕೊಳೆಯನ್ನೂ ಎಳೆಯುತ್ತಿದ್ದಾರೆ. ಅದು ಅವರ ಮನೆಗೆ ಮಾತ್ರ ಹೋಗುವುದಿಲ್ಲ. ಬೀದಿಯವರ ಹತ್ತಿರ ಈ ಮಾತು ಎತ್ತುವುದು ಕಷ್ಟ, ಗೊತ್ತು. ಆದರೂ ಎತ್ತಬೇಕು.

ಸಂಪು ಮತ್ತು ಓವರ್‌ಹೆಡ್ ಟ್ಯಾಂಕ್ ನಿಮ್ಮದೇ ಜವಾಬ್ದಾರಿ. ಮುಚ್ಚಳ ಬಿಗಿಯಾಗಿರಲಿ, ಗಾಳಿ ಪೈಪಿಗೆ ಜಾಲರಿ ಇರಲಿ. ಸಂಪಿನ ಬಾಯಿ ನೆಲಮಟ್ಟಕ್ಕಿಂತ ಎತ್ತರ ಇರಲಿ, ಇಲ್ಲದಿದ್ದರೆ ಅಂಗಳದ ಮಳೆ ನೀರು ಒಳಗೆ ಹೋಗುತ್ತದೆ. ಸೆಪ್ಟಿಕ್ ಟ್ಯಾಂಕ್ ಹತ್ತಿರವೇ ಇದ್ದರೆ ಸಂಪಿನ ಗೋಡೆಯಲ್ಲಿ ಬಿರುಕು ಇದೆಯಾ ಅಂತ ನೋಡಿಸಿ. ಆರು ತಿಂಗಳಿಗೊಮ್ಮೆ ಖಾಲಿ ಮಾಡಿ ಉಜ್ಜಿ ತೊಳೆದು, ನೀರು ತುಂಬಿಸಿ, 1,000 ಲೀಟರಿಗೆ 5 ಶೇಕಡಾ ಶಕ್ತಿಯ, ಸುವಾಸನೆ ಬೆರೆಸದ ಬ್ಲೀಚ್ ದ್ರವ 1 ಲೀಟರ್ ಹಾಕಿ. ಎಲ್ಲ ನಲ್ಲಿಗಳಲ್ಲೂ ವಾಸನೆ ಬರುವ ತನಕ ನೀರು ಬಿಟ್ಟು ನಿಲ್ಲಿಸಿ. ಸಾಧ್ಯವಾದರೆ ಒಂದು ದಿನ ಹಾಗೇ ಇಟ್ಟು ಖಾಲಿ ಮಾಡಿ. ಆ ನೀರನ್ನು ಯಾರೂ ಕುಡಿಯಬಾರದು. ತೊಳೆಯಲು ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಬಳಸಬೇಡಿ. ಅದು ಬ್ಲೀಚಿಗೆ ಸೇರಿದರೆ ವಿಷಗಾಳಿ ಏಳುತ್ತದೆ. ಮುಚ್ಚಿದ ಸಂಪಿನೊಳಗೆ ಇಳಿದವರ ಜೀವಕ್ಕೇ ಅಪಾಯ.

ಕುದಿಸುವುದು ಹಳೆಯ ವಿಧಾನ, ಈಗಲೂ ಇದರಷ್ಟು ನಂಬಿಕಸ್ಥ ವಿಧಾನ ಮನೆಯಲ್ಲಿ ಇನ್ನೊಂದಿಲ್ಲ. ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಸಮುದ್ರ ಮಟ್ಟದಿಂದ 2,000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ. ಇಪ್ಪತ್ತು ನಿಮಿಷ ಕುದಿಸಬೇಕು ಅನ್ನುವುದು ಗ್ಯಾಸ್ ಖರ್ಚು ಅಷ್ಟೇ. ಕ್ಲೋರಿನ್‌ಗೆ ಸಾಯದ ಕೆಲವು ಜೀವಿಗಳೂ ಕುದಿಸಿದರೆ ಸಾಯುತ್ತವೆ. 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ಸುಮಾರು 4 ಲಕ್ಷ ಜನರನ್ನು ಮಲಗಿಸಿದ ಕ್ರಿಪ್ಟೊಸ್ಪೊರಿಡಿಯಂ ಅಂಥದ್ದು. ಕೆರೆ, ನದಿಯ ನೀರಿಗೆ ಬರೀ ಕ್ಲೋರಿನ್ ಸಾಲದು, ಸರಿಯಾಗಿ ಸೋಸಲೂಬೇಕು ಅನ್ನುವುದು ಇದಕ್ಕೇ. ಕುದಿಸಿದ ನೀರನ್ನು ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಲೋಟ ಅದ್ದಿ ತೆಗೆಯಬೇಡಿ. ಕುದಿಸಿದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಬೆರಳು ತಗುಲಿದರೆ ಮತ್ತೆ ಮೊದಲಿನ ಹಾಗೇ.

ಆದರೆ ಕುದಿಸಿದರೆ ಸಾಯುವುದು ಜೀವ ಇರುವಂಥದ್ದು ಮಾತ್ರ. ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್, ಸೀಸ ಇವು ಹಾಗೇ ಇರುತ್ತವೆ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಇನ್ನಷ್ಟು ಏರುತ್ತದೆ. ಬೋರ್‌ವೆಲ್ ನೀರಿನ ಊರಿನಲ್ಲಿ ಇವನ್ನು ಒಮ್ಮೆಯಾದರೂ ಪ್ರಯೋಗಾಲಯದಲ್ಲಿ ನೋಡಿಸಲೇಬೇಕು. ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ, ಆರ್ಸೆನಿಕ್ ಮತ್ತು ಸೀಸ ತಲಾ 10 ಮೈಕ್ರೋಗ್ರಾಂ. ಇವು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಳು. ಸೀಸಕ್ಕೆ ಮಿತಿ ಅಂತ ಒಂದು ಅಂಕಿ ಇದ್ದರೂ, ಇಷ್ಟು ಇದ್ದರೆ ಏನೂ ಆಗದು ಅನ್ನುವ ಪ್ರಮಾಣ ಇಲ್ಲ. ಅದು ಸಾಮಾನ್ಯವಾಗಿ ನೆಲದಿಂದ ಬರುವುದಿಲ್ಲ. ಹಳೆಯ ಪೈಪು, ಬೆಸುಗೆ, ಹಿತ್ತಾಳೆ ನಲ್ಲಿಗಳಿಂದ ಬರುತ್ತದೆ. 2014ರಲ್ಲಿ ಅಮೆರಿಕದ ಫ್ಲಿಂಟ್ ನಗರದಲ್ಲಿ ನೀರಿನ ಮೂಲ ಬದಲಾಯಿಸಿದಾಗ ಪೈಪಿನ ಸವೆತ ತಡೆಯುವ ಕ್ರಮ ತೆಗೆದುಕೊಳ್ಳಲಿಲ್ಲ. ಹೊಸ ನೀರು ಹಳೆಯ ಪೈಪುಗಳ ಸೀಸವನ್ನು ಕರಗಿಸಿಕೊಂಡು ಮನೆಗಳಿಗೆ ಹೋಯಿತು. ಮನೆ ಹಳೆಯದಾಗಿದ್ದರೆ ಬೆಳಿಗ್ಗೆ ನಲ್ಲಿಯಲ್ಲಿ ರಾತ್ರಿಯಿಡೀ ನಿಂತ ನೀರನ್ನು ಬಿಟ್ಟು ಆಮೇಲಿನದ್ದನ್ನು ಹಿಡಿಯಿರಿ, ಅಡುಗೆಗೆ ಗೀಸರ್ ನೀರು ಬಳಸಬೇಡಿ.

ಪ್ರಯೋಗಾಲಯಕ್ಕೆ ನೀರು ಕೊಡುವಾಗ ಎಷ್ಟೋ ಜನ ಜ್ಯೂಸ್ ಬಾಟಲಿ ತೊಳೆದು ತುಂಬಿಸಿಕೊಂಡು ಹೋಗುತ್ತಾರೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಅದು ದಂಡ. ಪ್ರಯೋಗಾಲಯದವರೇ ಕೊಡುವ ಬಾಟಲಿ ಕೇಳಿ. ಅದರ ತಳದಲ್ಲಿ ಸ್ವಲ್ಪ ಪುಡಿಯೋ ಹನಿಯೋ ಇರುತ್ತದೆ. ಕೊಳೆ ಅಂದುಕೊಂಡು ತೊಳೆಯಬೇಡಿ, ಕ್ಲೋರಿನ್ ಅನ್ನು ನಿಲ್ಲಿಸಲು ಹಾಕಿರುವ ಔಷಧಿ ಅದು. ನಲ್ಲಿಯನ್ನು ಒರೆಸಿ, ಒಂದೆರಡು ನಿಮಿಷ ನೀರು ಬಿಟ್ಟು ತುಂಬಿಸಿ. ತಣ್ಣಗಿಟ್ಟು ಆದಷ್ಟು ಬೇಗ, ಆರು ಗಂಟೆಯೊಳಗೆ ಆದರೆ ಒಳ್ಳೆಯದು, ತಲುಪಿಸಿ. ಮನೆಯಲ್ಲೇ ಮಾಡುವ, ನೀರು ಕಪ್ಪಾಗುವ ಸಣ್ಣ ಬಾಟಲಿಯ ಕಿಟ್ ಕೂಡ ಸಿಗುತ್ತದೆ. ಒಂದೆರಡು ದಿನದಲ್ಲಿ ಕಪ್ಪಾದರೆ ಅನುಮಾನ ಪಡಿ. ಕಪ್ಪಾಗದಿದ್ದರೆ ಅದನ್ನೇ ಪ್ರಮಾಣಪತ್ರ ಅಂದುಕೊಳ್ಳಬೇಡಿ. ತುಂಬಿಸಿದ ಕೂಡಲೇ ಕಪ್ಪಾದರೆ ಅದು ಬ್ಯಾಕ್ಟೀರಿಯಾ ಕೆಲಸವಲ್ಲ, ಕೆಲವು ಬೋರ್‌ವೆಲ್ ನೀರಿನಲ್ಲಿ ಮೊದಲೇ ಇರುವ ಕೊಳೆತ ಮೊಟ್ಟೆ ವಾಸನೆಯ ಅನಿಲ.

ಫಿಲ್ಟರ್ ವಿಷಯಕ್ಕೆ ಈಗ ಬರಬಹುದು. ಟಿಡಿಎಸ್ 280 ಇರುವ ನೀರಿಗೆ ಬರೀ ಆ ಅಂಕಿ ನೋಡಿ ಆರ್‌ಒ (ನೀರಿನಲ್ಲಿ ಕರಗಿದ ಲವಣಗಳನ್ನೂ ತೆಗೆಯುವ ಫಿಲ್ಟರ್) ಹಾಕಿಸುವ ಅಗತ್ಯವಿಲ್ಲ. ನೈಟ್ರೇಟೋ ಫ್ಲೋರೈಡೋ ಆರ್ಸೆನಿಕ್ಕೋ ಮಿತಿ ದಾಟಿದ್ದರೆ ಆರ್‌ಒ ಕೆಲಸಕ್ಕೆ ಬರುತ್ತದೆ. ರೋಗಾಣು ಮಾತ್ರ ಚಿಂತೆಯಾದರೆ ಯುವಿ (ಅತಿನೇರಳೆ ದೀಪದ ಬೆಳಕಿನಿಂದ ರೋಗಾಣು ಕೊಲ್ಲುವ ಫಿಲ್ಟರ್) ಸಾಕು, ಆದರೆ ನೀರು ತಿಳಿಯಾಗಿರಬೇಕು, ಕರೆಂಟ್ ಇರಬೇಕು, ದೀಪವನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ಹೆಚ್ಚಿನ ಫಿಲ್ಟರ್‌ಗಳಲ್ಲಿ ಇದ್ದಿಲಿನ ಒಂದು ಹಂತ ಇರುತ್ತದೆ. ಅದು ಕ್ಲೋರಿನ್ ತೆಗೆದುಹಾಕುತ್ತದೆ, ನೀರು ರುಚಿಯಾಗುತ್ತದೆ. ಅಲ್ಲಿಂದ ಮುಂದೆ ಆ ನೀರಿಗೆ ಕಾವಲು ಇಲ್ಲ. ವರ್ಷಗಟ್ಟಲೆ ಕಾರ್ಟ್ರಿಡ್ಜ್ ಬದಲಾಯಿಸದ ಫಿಲ್ಟರಿನೊಳಗೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ. ಅಂಥ ಫಿಲ್ಟರ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ.

ಕ್ಲೋರಿನ್‌ನಿಂದ ಕ್ಯಾನ್ಸರ್ ಬರುತ್ತದಂತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕ್ಲೋರಿನ್ ನೀರಿನಲ್ಲಿನ ಎಲೆ, ಪಾಚಿಯಂಥ ವಸ್ತುಗಳ ಜೊತೆ ಸೇರಿ ಕೆಲವು ಬೇಡದ ರಾಸಾಯನಿಕಗಳು ಹುಟ್ಟುವುದು ನಿಜ, ಅವಕ್ಕೂ ಮಿತಿ ಇದೆ. ಆದರೆ ಆ ಭಯಕ್ಕೆ ಕ್ಲೋರಿನ್ ಕಡಿಮೆ ಮಾಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಕಲುಷಿತ ನೀರಿನ ಕಾಯಿಲೆ ಈ ವಾರವೇ ಬರುವಂಥದ್ದು. ವಾಸನೆ ಹಿಡಿಸದಿದ್ದರೆ ಕುಡಿಯುವ ನೀರನ್ನು ಮುಚ್ಚಿದ ಜಗ್ಗಿನಲ್ಲಿ ಸ್ವಲ್ಪ ಹೊತ್ತು ಇಡಿ, ವಾಸನೆ ಕಡಿಮೆಯಾಗುತ್ತದೆ.

ಕಚೇರಿಗೆ ಮತ್ತೆ ಹೋಗಿ. ಈ ಸಲ ‘ನೀರು ಚೆನ್ನಾಗಿದೆಯಾ’ ಅಂತ ಕೇಳಬೇಡಿ. ಆ ಪ್ರಶ್ನೆಗೆ ಯಾರೂ ‘ಇಲ್ಲ’ ಅನ್ನುವುದಿಲ್ಲ. ಉಳಿಕೆ ಕ್ಲೋರಿನ್ ಬರೆಯುವ ಪುಸ್ತಕ ನೋಡಬಹುದಾ ಅಂತ ಕೇಳಿ. ಯಾವ ನಲ್ಲಿಯಲ್ಲಿ ಅಳೆಯುತ್ತಾರೆ, ಪೈಪಿನ ತುದಿಯ ಮನೆಯಲ್ಲಿ ಅಳೆದದ್ದು ಯಾವಾಗ ಅಂತ ಕೇಳಿ. ಪುಸ್ತಕದಲ್ಲಿ ಮಳೆಯ ದಿನವೂ, ರಜೆಯ ದಿನವೂ ಒಂದೇ ಅಂಕಿ ಇದ್ದರೆ ಅದು ಅಳೆದ ಅಂಕಿಯಲ್ಲ ಅಂತಲೇ ನನ್ನ ಅನುಮಾನ. ನಿಜವಾದ ಅಳತೆ ದಿನದಿಂದ ದಿನಕ್ಕೆ ಅಷ್ಟಿಷ್ಟು ಏರಿಳಿಯುತ್ತದೆ. ಪರೀಕ್ಷೆಯ ವರದಿಯ ಪ್ರತಿ ಕೇಳಿ, ಅದರಲ್ಲಿ ತಾರೀಖು ಮತ್ತು ಮಾದರಿ ತೆಗೆದ ಜಾಗ ನೋಡಿ. ಬೋರ್‌ವೆಲ್ ಬಾಯಲ್ಲಿ ತೆಗೆದದ್ದಾದರೆ ನಿಮ್ಮ ನಲ್ಲಿಗೆ ಅದು ಅನ್ವಯಿಸುವುದಿಲ್ಲ. ನೀವು ಬರೆದಿಟ್ಟ ಅಂಕಿಗಳನ್ನೂ ತೋರಿಸಿ. ಜಗಳಕ್ಕೆ ಅಂತ ಅಲ್ಲ. ಅಲ್ಲಿ ಕೆಲಸ ಮಾಡುವ ಒಬ್ಬರಿಗೆ ಕ್ಲೋರಿನ್ ಅನ್ನು ಅಳತೆ ಮಾಡಿ ಬಿಡುವ ಹೊಸ ಯಂತ್ರ ಬೇಕು ಅಂತ ಮೇಲಿನವರ ಹತ್ತಿರ ಕೇಳಲು ನಿಮ್ಮ ಕಾಗದವೇ ಆಧಾರ ಆಗಬಹುದು.

ಇನ್ನು ಮಗುವಿನ ವಿಷಯ. ಬೋರ್‌ವೆಲ್ ನೀರಿಗೆ ಗೊಬ್ಬರದಿಂದಲೋ ಸೆಪ್ಟಿಕ್ ಟ್ಯಾಂಕಿನಿಂದಲೋ ನೈಟ್ರೇಟ್ ಇಳಿಯುತ್ತದೆ. ದೊಡ್ಡವರಿಗೆ ಅದರಿಂದ ಅಷ್ಟು ತೊಂದರೆಯಿಲ್ಲ. ಆರು ತಿಂಗಳೊಳಗಿನ, ಬಾಟಲಿ ಹಾಲು ಕುಡಿಯುವ ಮಗುವಿನಲ್ಲಿ ಅದು ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕಡಿಮೆ ಮಾಡಬಹುದು. ತುಟಿ, ಉಗುರು, ಚರ್ಮ ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುತ್ತದೆ. ಹಾಗೆ ಕಂಡರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಿ. ನೈಟ್ರೇಟ್ ಫಲಿತಾಂಶ ಮಿತಿಯೊಳಗೆ ಬಂದ ಮೇಲೆ ಊರಿನ ನೀರನ್ನೇ ಕುದಿಸಿ ಬಳಸಬಹುದು. ಯಾವ ನೀರೇ ಆದರೂ ಹಾಲಿನ ಪುಡಿ ಬೆರೆಸುವಾಗ 70 ಡಿಗ್ರಿಗಿಂತ ಕಡಿಮೆ ಬಿಸಿ ಇರಬಾರದು. ಪುಡಿಯಲ್ಲೇ ಇರಬಹುದಾದ ರೋಗಾಣು ಆ ಬಿಸಿಗೆ ಸಾಯುತ್ತದೆ. ಆಮೇಲೆ ಚೆನ್ನಾಗಿ ಆರಿಸಿ ಕುಡಿಸಿ.

ವರದಿ ಓದುವಾಗ ಒಂದು ಎಚ್ಚರಿಕೆ. ಕೆಲವು ಪ್ರಯೋಗಾಲಯಗಳು ‘ನೈಟ್ರೇಟ್’ ಅಂತ ಅಂಕಿ ಕೊಡುತ್ತವೆ, ಕೆಲವು ‘ನೈಟ್ರೇಟ್ ನೈಟ್ರೋಜನ್’ ಅಂತ ಕೊಡುತ್ತವೆ. ಮೊದಲನೆಯದಕ್ಕೆ ಮಿತಿ 50, ಎರಡನೆಯದಕ್ಕೆ ಸುಮಾರು 11. ನಿಮ್ಮ ವರದಿಯಲ್ಲಿ 20 ಅಂತ ಬಂದಿದ್ದರೆ ಅದು ಮಿತಿಯೊಳಗಿದೆಯೋ, ದುಪ್ಪಟ್ಟು ಹತ್ತಿರ ಇದೆಯೋ ಅನ್ನುವುದು ಆ ಒಂದು ಪದದ ಮೇಲೆ ನಿಂತಿದೆ. ಬರೆದಿಲ್ಲದಿದ್ದರೆ ಪ್ರಯೋಗಾಲಯಕ್ಕೆ ಫೋನ್ ಮಾಡಿ ಕೇಳಿಕೊಂಡೇ ಬಾಟಲಿ ನೀರು ನಿಲ್ಲಿಸಿ.